‘ಎಕ್ಸ್‌ಟೆನ್ಷನ್’ಗೆ ‘ವಿಸ್ತರಣೆ’ ಸರಿಯಾ?

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸು. ವಿಜಯಪುರ, ಕಲಬುರಗಿ ಕಡೆಯಿಂದ ಹೊಸದಾಗಿ ಬಂದ ಹುಡುಗರಿಗೆ ಡೇಟಾಬೇಸಿನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಬಗ್ಗೆ ಕನ್ನಡದಲ್ಲೇ ನಾಲ್ಕು ಪುಟ ಬರೆದುಕೊಡೋಣ ಅಂತ ಕೂತೆ, ಎರಡನೇ ಸಾಲಿಗೇ ಪದ ಸಿಗದೆ ನಿಂತೆ.

ವಿಷಯ ಇಷ್ಟು. ಎಸ್‌ಕ್ಯುಎಲ್‌ಗೆ 1986ರಿಂದಲೇ ಸ್ಟ್ಯಾಂಡರ್ಡ್ ಇದೆ, ಅಂದರೆ ಭಾಷೆ ಹೀಗಿರಬೇಕು ಅನ್ನುವ ಅಧಿಕೃತ ನಿಯಮಗಳು. ಅದರಲ್ಲಿ ಇಲ್ಲದ್ದನ್ನು ಒಂದೊಂದು ಡೇಟಾಬೇಸೂ ತನಗೆ ಬೇಕಾದಂತೆ ಸೇರಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಅದಕ್ಕೇ ‘ಎಕ್ಸ್‌ಟೆನ್ಷನ್’ ಅನ್ನುವುದು. ಮೊದಲ ಹತ್ತು ಸಾಲು ಬೇಕೆಂದರೆ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್‌ನಲ್ಲಿ ‘ಲಿಮಿಟ್ 10’, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ‘ಟಾಪ್ 10’. ಸ್ಟ್ಯಾಂಡರ್ಡ್‌ಗೆ ಇದು ಬಂದಿದ್ದು 2008ರಲ್ಲಿ, ಅದೂ ‘ಫೆಚ್ ಫಸ್ಟ್ 10 ರೋಸ್ ಓನ್ಲಿ’ ಅಂತ.

ಇಂಥದಕ್ಕೆ ‘ವಿಸ್ತರಣೆ’ ಅಂತ ಬರೆದರೆ ಸ್ಟ್ಯಾಂಡರ್ಡೇ ಬೆಳೆದ ಹಾಗೆ ಕೇಳುತ್ತದೆ. ಸಂಪುಟ ವಿಸ್ತರಣೆ ಅಂತೀವಲ್ಲ, ಅದು ಅಧಿಕಾರ ಇದ್ದವರು ಮಾಡುವುದು. ಇದು ಪ್ಲಾನ್ ಪಾಸಾಗದೆ ಮನೆ ಮುಂದೆ ತಗಡಿನ ಶೀಟ್ ಇಳಿಸಿಕೊಂಡ ಹಾಗೆ, ನಾಳೆ ರಸ್ತೆ ಅಲ್ಲೇ ಬಂದರೆ ಕಷ್ಟ. ‘ಸೆಲೆಕ್ಟ್ ಇನ್‌ಟು’ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಹೊಸ ಟೇಬಲ್ಲನ್ನೇ ಮಾಡುತ್ತದೆ, ಸ್ಟ್ಯಾಂಡರ್ಡ್ ಪ್ರಕಾರ ಸಿಕ್ಕ ವ್ಯಾಲ್ಯೂ ಪ್ರೋಗ್ರಾಮಿನ ವೇರಿಯಬಲ್‌ಗೆ ಹೋಗಬೇಕು. ಪೋಸ್ಟ್‌ಗ್ರೆಸ್‌ನವರು ಬೇರೆ ಪದ ಆರಿಸಿಕೊಂಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ, ಅಲ್ವಾ? ‘ಎಕ್ಸ್‌ಟೆನ್ಷನ್’ಗೆ ಸದ್ಯಕ್ಕೆ ‘ಸ್ವಂತ ಸೇರ್ಪಡೆ’ ಅಂತ ಬರೆದಿದ್ದೇನೆ. ‘ಒಳನುಡಿ’ಯೂ ಹೊಳೆಯಿತು, ಆದರೆ ಅದು ಒಂದು ಡೇಟಾಬೇಸ್ ಆಡುವ ಇಡೀ ಡಯಲೆಕ್ಟ್‌ಗೆ ಸರಿ, ಒಂದು ‘ಲಿಮಿಟ್’ಗೆ ಜಾಸ್ತಿಯಾಯಿತು.

‘ರಿಸರ್ವ್‌ಡ್ ವರ್ಡ್’ಗೆ ತಲೆಬಿಸಿ ಇಲ್ಲ, ‘ಮೀಸಲು ಪದ’. ಭಾಷೆ ತನಗೇ ಇಟ್ಟುಕೊಂಡ ಪದ, ಅದನ್ನು ನಾವು ಹಾಗೇ ಹೆಸರಾಗಿ ಇಡುವಂತಿಲ್ಲ. ಇಲ್ಲಿನ ಬಸ್ ಸೀಟಿನ ಮೇಲೆ ‘ರಾಖೀವ್’ ಅಂತ ಇರುತ್ತದಲ್ಲ, ಅದೇ. ಮೈಎಸ್‌ಕ್ಯುಎಲ್ 8ರಲ್ಲಿ ‘ರ‍್ಯಾಂಕ್’ ಮೀಸಲಾಯಿತು. ನಾನು ಅದೇ ಹೆಸರಿನ ಕಾಲಮ್ ಇಟ್ಟುಕೊಂಡಿದ್ದೆ, ಅಪ್‌ಗ್ರೇಡ್ ಆದ ಬೆಳಿಗ್ಗೆ ರಿಪೋರ್ಟೆಲ್ಲ ನಿಂತವು. ಕೂತಿದ್ದ ಸೀಟಿನಿಂದ ಎಬ್ಬಿಸಿದ ಹಾಗಾಯಿತು.

ನಿಜವಾದ ತೊಡಕು ‘ಕಂಪ್ಯಾಟಿಬಿಲಿಟಿ’ದು, ಅಂದರೆ ನಾವು ಬರೆದದ್ದು ಸ್ಟ್ಯಾಂಡರ್ಡ್ ಜತೆ ಕೂಡಿಕೊಂಡು ಹೋಗುವುದು. ‘ಹೊಂದಾಣಿಕೆ’ ಅಂದರೆ ಅತ್ತೆ ಸೊಸೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು. ಇಲ್ಲಿ ಸ್ಟ್ಯಾಂಡರ್ಡ್ ಬಿಟ್ಟುಕೊಡುವುದಿಲ್ಲ, ಬಗ್ಗಬೇಕಾದವರು ನಾವೇ. ಪಕ್ಕದ ಸೀಟಿನ ಮರಾಠಿ ಗೆಳತಿ ‘ಸುಸಂಗತ’ ಅಂದಳು. ನನ್ನ ಕಿವಿಗೆ ಅದು ವಾದಕ್ಕೆ, ಮಾತಿಗೆ ಹೇಳುವ ಪದ. ‘ಹೊಂದಿಕೆ’ ಸಾಕು ಅನ್ಸುತ್ತೆ. ಆದರೆ ಇನ್ನೂ ಬರದೇ ಇರುವ ಸ್ಟ್ಯಾಂಡರ್ಡ್ ಜತೆಗಿನ ಹೊಂದಿಕೆಗೆ ಏನನ್ನೋಣ? ‘ಮುಂಹೊಂದಿಕೆ’ ಅಂತ ಸುಮ್ನೆ ಕಟ್ಟಿ ನೋಡಿದೆ. ಮೊದಲ ಸಲ ಓದಿದವರಿಗೆ ಅರ್ಥ ಆಗುತ್ತದಾ, ಇಲ್ಲ ‘ಮುಂದೊಮ್ಮೆ ಹೊಂದುತ್ತದೆ’ ಅಂತ ಬಿಡಿಸಿ ಬರೆಯುವುದೇ ವಾಸಿಯಾ?