ಜಿನಿಯಾ ಕೊಯ್ದ ಮಾರನೇ ದಿನಾನೇ ತಲೆ ಬಾಗ್ತಿದೆ, ಏನ್ ಹೊಡೀಬೇಕು ಹೇಳಿ

ಮಾಲೂರ್_ಮಣ್ಣು:
ಎಲ್ರಿಗೂ ನಮಸ್ಕಾರ. ಸೀದಾ ವಿಷಯಕ್ಕೆ ಬರ್ತೀನಿ. ಜಿನಿಯಾ ಹಾಕಿದೀನಿ, ಗಿಡ ಸೂಪರಾಗಿ ಬಂದಿದೆ, ಹೂವಿನ ಬಣ್ಣಾನೂ ಸಖತ್, ಆದ್ರೆ ಕೊಯ್ದು ಬಕೆಟ್‌ಗೆ ಇಟ್ರೆ ಮಾರನೇ ದಿನ ಬೆಳಗ್ಗೆ ಬೆಂಗಳೂರಿಗೆ ಗಾಡಿ ಹತ್ಸೋ ಹೊತ್ತಿಗೆ ಅರ್ಧಕ್ಕರ್ಧ ಹೂವು ತಲೆ ಬುಡದಲ್ಲೇ ಬಗ್ಗಿ ನೇತಾಡ್ತಿರುತ್ತೆ, ಕೆಲವಕ್ಕೆ ದಳದ ತುದಿ ನೀರ್ ನೀರಾಗಿ ಕಪ್ಪಾಗುತ್ತೆ. ಮದುವೆ ಡೆಕೊರೇಟರ್ ಒಬ್ರು ಪೂರ್ತಿ ಲೋಡ್ ವಾಪಸ್ ಕಳಿಸಿದ್ರು, ಬಾಡಿಗೆ ಕೂಡ ಮೈಮೇಲೆ ಬಂತು. ನೀರು ಬದಲಾಯಿಸ್ದೆ, ಕಾಂಡ ಓರೆಯಾಗಿ ಕಟ್ ಮಾಡ್ದೆ, ಎಲ್ಲಾ ಸರಿಯಾಗೇ ಮಾಡ್ತಿದೀನಿ. ಏನ್ ಔಷಧಿ ಹೊಡೀಬೇಕು ಅಷ್ಟ್ ಹೇಳಿ ಸಾಕು.

ಪಾಲಿಹೌಸ್_ಗೌಡ:
ಕ್ಯಾಲ್ಸಿಯಂ, ಬೋರಾನ್. ಬೇರೆ ಏನೂ ಅಲ್ಲ. ನಮ್ ಜರ್ಬೆರಾ ಹೂವಲ್ಲೂ ಶುರುವಲ್ಲಿ ಇದೇ ಕಥೆ, ಕುತ್ತಿಗೆ ಬಗ್ಗೋದು. ಕ್ಯಾಲ್ಸಿಯಂ ನೈಟ್ರೇಟ್ ಡ್ರಿಪ್‌ನಲ್ಲಿ ಬಿಡಿ, ಬೋರಾನ್ 20 ಪರ್ಸೆಂಟ್‌ದು ಲೀಟರ್‌ಗೆ 1 ಗ್ರಾಂ ಸ್ಪ್ರೇ ಕೊಡಿ. ಕಾಂಡ ಕಂಬಿ ಥರ ನಿಲ್ಲುತ್ತೆ. ಡ್ರಿಪ್ ಇದೆ ತಾನೆ?

ಟೆರೇಸ್_ತೋಟ:
ನಮ್ ಮನೆ ಜಿನಿಯಾ ಒಂದಿನಾನೂ ಬಗ್ಗಿಲ್ಲಪ್ಪ. ಪ್ರೊಫ್ಯೂಷನ್ ಅನ್ನೋ ಜಿನಿಯಾ ತಳಿ ಹಾಕಿ ನೋಡಿ, ರೋಗಾನೂ ಬರಲ್ಲ. ಈಗ ಪೂರ್ತಿ ಟೆರೇಸ್ ಕಿತ್ತಳೆ ಬಣ್ಣ, 12 ಇಂಚಿನ ಗ್ರೋಬ್ಯಾಗ್, ಕೋಕೋಪೀಟ್ ಮಿಕ್ಸ್ ನಂದೇ ಫಾರ್ಮುಲಾ.

ಹೂವಿನಂಗಡಿ:
ಪ್ರೊಫ್ಯೂಷನ್ ಕುಳ್ಳ ಗಿಡ ಮೇಡಂ, ಕುಂಡಕ್ಕೆ, ಅಂಚಿಗೆ ಹಾಕೋದು. ಅದ್ರಲ್ಲಿ ಒಂದು ಗೇಣು ಕಾಂಡಾನೂ ಸಿಗಲ್ಲ, ಬೊಕೆಗೆ ಏನ್ ಮಾಡೋದು.
@ಮಾಲೂರ್_ಮಣ್ಣು ಕೊಯ್ಯೋದು ಯಾವ ಹಂತದಲ್ಲಿ? ಯಾವ ಹೊತ್ತಲ್ಲಿ? ಕೊಯ್ದ ಮೇಲೆ ರಾತ್ರಿ ಎಲ್ಲಿ ಇಡ್ತೀರ? ಇಷ್ಟು ಹೇಳಿದ್ರೆ ಏನಾದ್ರೂ ಹೇಳಬಹುದು.

ಮಾಲೂರ್_ಮಣ್ಣು:
ಹೊತ್ತು ಬೆಳಗ್ಗೆಯೇ ಮೇಡಂ, ಬಿಸಿಲೇರೋ ಮುಂಚೆ. ಹಂತ ಎಲ್ರೂ ಮಾಡೋ ಥರಾನೇ. ಡ್ರಿಪ್ ಇದೆ. ಗೌಡ್ರೇ ಕ್ಯಾಲ್ಸಿಯಂ ಎಕರೆಗೆ ಎಷ್ಟು?

ಸಾವಯವ_ಧಾರವಾಡ:
ಯಾಕ್ರೀ ಹೂವಿಗೂ ಕೆಮಿಕಲ್ ಕುಡಿಸ್ತೀರಿ. ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತ ಬಿಡ್ರಿ ಹದಿನೈದು ದಿನಕ್ಕೊಮ್ಮೆ, ಬೇವಿನ ಹಿಂಡಿ ಹಾಕ್ರಿ, ಗಿಡ ತಾನ ಗಟ್ಟಿ ಆಗ್ತದ. ನೀವು ಯೂರಿಯಾ ಭಾಳ ಹೊಡದಿರ್ತೀರಿ, ಕಾಂಡ ದಪ್ಪ ಆಗಿ ಒಳಗ ಪೊಳ್ಳ ಆಗೇದ, ಅದಕ್ಕ ಬಗ್ಗತೈತಿ.

ಪಾಲಿಹೌಸ್_ಗೌಡ:
ಜೀವಾಮೃತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಸಾರ್? ಟೆಸ್ಟ್ ರಿಪೋರ್ಟ್ ಇದ್ರೆ ಹಾಕಿ. ಜಿನಿಯಾ ಕಾಂಡ ಹುಟ್ಟಾ ಪೊಳ್ಳೇ, ಅದಕ್ಕೂ ಯೂರಿಯಾಗೂ ಏನ್ ಸಂಬಂಧ.

ಸಾವಯವ_ಧಾರವಾಡ:
ರಿಪೋರ್ಟ್ ನಮ್ಮ ಹೊಲದಾಗ ಐತಿ, ಬಂದು ನೋಡ್ರಿ. ಎರೆಹುಳ ಎಣಿಸಿ ಹೋಗ್ರಿ.

ಪಾಲಿಹೌಸ್_ಗೌಡ:
ಎರೆಹುಳ ಬೊಕೆಗೆ ಕಟ್ಟಲ್ಲ ಸಾರ್. ನಮ್ದು ಅರ್ಧ ಎಕರೆ ಪಾಲಿಹೌಸ್, ಫಾಗರ್ ಟೈಮರ್ ಮೇಲೆ, ನೀರಲ್ಲಿ ಗೊಬ್ಬರದ ಉಪ್ಪಿನಂಶ ನೋಡೋ ಇಸಿ ಮೀಟರ್, ಹುಳಿ-ಕ್ಷಾರ ನೋಡೋ ಪಿಹೆಚ್ ಮೀಟರ್ ಎರಡೂ ಟ್ಯಾಂಕ್ ಮೇಲೇ ಫಿಕ್ಸು, ಮೊಬೈಲ್‌ನಲ್ಲೇ ವಾಲ್ವ್ ಓಪನ್ ಮಾಡ್ತೀನಿ. ನಾನ್ ಸುಮ್ನೆ ಹೇಳ್ತಿಲ್ಲ.

ಜೆರ್ಸಿ_ಕನ್ನಡಿಗ:
ನ್ಯೂಜೆರ್ಸಿಯಿಂದ ಬರೀತಿದೀನಿ. ಇಲ್ಲಿ ಈಗ ಹಿಮ, ನಮ್ ಹಿತ್ತಲ ಜಿನಿಯಾ ಅಕ್ಟೋಬರ್‌ನಲ್ಲೇ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದಾಗ ಸತ್ತೋಯ್ತು, ಹಂಗಾಗಿ ಟೈಮಿದೆ. ಗೌಡ್ರೇ ತಪ್ಪು ತಿಳ್ಕೋಬೇಡಿ, ಜರ್ಬೆರಾ ಬೇರೆ ಜಿನಿಯಾ ಬೇರೆ. ಔಷಧಿಗಿಂತ ಮುಂಚೆ ಅಲ್ಲಾಡ್ಸಿ ನೋಡೋ ಟೆಸ್ಟ್ ಮಾಡಿ. ಹೂವಿಂದ ಸುಮಾರು ಒಂದು ಗೇಣು ಕೆಳಗೆ ಕಾಂಡನ ಎರಡು ಬೆರಳಲ್ಲಿ ಹಿಡ್ಕೊಂಡು ಮೆಲ್ಲಗೆ ಅಲ್ಲಾಡ್ಸಿ. ತಲೆ ಆ ಕಡೆ ಈ ಕಡೆ ಬಳುಕಿದ್ರೆ ಇನ್ನೂ ಎಳೇದು, ಮುಟ್ಟಬೇಡಿ. ಪೂರ್ತಿ ಕಾಂಡ ಕಡ್ಡಿ ಥರ ಒಂದೇ ಸಮ ಅಲ್ಲಾಡಿದ್ರೆ ಕೊಯ್ಯಬಹುದು. ಎಳೇದು ಕೊಯ್ದ್ರೆ ಯಾವ ನೀರಲ್ಲಿಟ್ರೂ ಕುತ್ತಿಗೆ ನಿಲ್ಲಲ್ಲ.

ಹೂವಿನಂಗಡಿ:
ಇದೇ ಕೇಳಿದ್ದು ನಾನು. ಇನ್ನೊಂದು, ಕೊಯ್ದ ಮೇಲೆ ಜಿನಿಯಾ ಅರಳಲ್ಲ. ಗುಲಾಬಿ ಮೊಗ್ಗಲ್ಲಿ ಕೊಯ್ದ್ರೆ ವಾಸ್‌ನಲ್ಲಿ ಅರಳುತ್ತೆ, ಇದು ಹೆಂಗಿದೆಯೋ ಹಂಗೇ ನಿಂತ್ಬಿಡುತ್ತೆ. ದಳ ಪೂರ್ತಿ ಬಿಚ್ಕೊಂಡಿರಬೇಕು, ನಡುವೆ ಸಣ್ಣ ಸಣ್ಣ ಹಳದಿ ನಕ್ಷತ್ರ ಬರುತ್ತಲ್ಲ ಅದು ಆಗಷ್ಟೇ ಶುರುವಾಗಿರಬೇಕು. ಆ ಹಳದಿ ಉಂಗುರ ಎರಡು ಮೂರು ಸುತ್ತು ಬಂದ್ರೆ ಹೂವು ವಯಸ್ಸಾಯ್ತು, ನಮ್ ಅಂಗಡಿಯಲ್ಲಿ ತಗೊಳಲ್ಲ.

ಮಾಲೂರ್_ಮಣ್ಣು:
ಮೇಡಂ ಪೂರ್ತಿ ಅರಳಿದ್ದು ಕೊಯ್ದ್ರೆ ದಾರೀಲೇ ದಳ ಉದುರಲ್ವಾ? ನಾವು ಅರ್ಧ ಅರಳಿದ್ದೇ ಕೊಯ್ಯೋದು, ಅಪ್ಪನ ಕಾಲದಿಂದ ಗುಲಾಬಿಗೂ ಹಂಗೇ ಮಾಡ್ಕೊಂಡ್ ಬಂದಿರೋದು.

ಹೂವಿನಂಗಡಿ:
ಗುಲಾಬಿ ತೋಟಾನಾ ನಿಮ್ದು? ಮೊದಲೇ ಹೇಳ್ಬೇಕಿತ್ತಲ್ಲ. ಜಿನಿಯಾ ದಳ ಅಷ್ಟು ಸುಲಭಕ್ಕೆ ಉದುರಲ್ಲ, ಒಣಗಿ ಕಾಗದ ಥರ ಆದ್ರೂ ಹೂವಿಗೇ ಅಂಟ್ಕೊಂಡಿರುತ್ತೆ. ಕುತ್ತಿಗೆ ಹತ್ರ ಮಾತ್ರ ಮೃದು, ಅದಕ್ಕೇ ಬಕೆಟ್‌ನಲ್ಲಿ ಒತ್ತೊತ್ತಾಗಿ ತುಂಬಬೇಡಿ, ಒಂದಕ್ಕೊಂದು ತಲೆ ಸಿಕ್ಕಾಕ್ಕೊಂಡು ತೆಗೆಯೋವಾಗ ಮುರಿಯೋದೇ ಹೆಚ್ಚು.

ಸಾಗರದ_ಮಳೆ:
ಮಧ್ಯ ಬಂದೆ ಕ್ಷಮಿಸಿ. ನಮ್ ಜಿನಿಯಾ ಎಲೆ ಮೇಲೆ ಬಿಳಿ ಪುಡಿ ಉದುರಿಸಿದಂಗಾಗಿದೆ, ಕೆಳಗಿನ ಎಲೆಯಿಂದ ಶುರುವಾಗಿ ಮೇಲೆ ಹತ್ತುತಾ ಇದೆ. ಇದು ಅದೇ ಎಲೆಚುಕ್ಕೆನಾ? ಮಳೆಗಾಲದಲ್ಲಿ ಕೆಂಗಂದು ಚುಕ್ಕೆ ಬಂದಿತ್ತು.

ಪಾಲಿಹೌಸ್_ಗೌಡ:
ಇದು ಬೂದಿ ರೋಗ, ಅದು ಬೇರೆ. ವೆಟಬಲ್ ಸಲ್ಫರ್ ಲೀಟರ್‌ಗೆ 2 ಗ್ರಾಂ, ಸಂಜೆ ಹೊತ್ತು. ಬೇವಿನೆಣ್ಣೆ ಹೊಡ್ದಿದ್ರೆ ಎರಡು ವಾರ ಸಲ್ಫರ್ ಮುಟ್ಟಬೇಡಿ, ಎಲೆ ಸುಟ್ಟೋಗುತ್ತೆ. ಹೂವಿನ ಮೇಲೆ ಬಿದ್ರೆ ಕಲೆ, ಅದನ್ನ ನೋಡ್ಕೊಂಡು ಹೊಡೀರಿ.

ಸಾವಯವ_ಧಾರವಾಡ:
ಹುಳಿ ಮಜ್ಜಿಗಿ ಹೊಡೀರಿ. ಒಂದು ಲೀಟರ್ ಮಜ್ಜಿಗಿಗೆ ಹತ್ತು ಲೀಟರ್ ನೀರು.

ಜೆರ್ಸಿ_ಕನ್ನಡಿಗ:
ಗಿಡದಿಂದ ಗಿಡಕ್ಕೆ ಅಂತರ ಎಷ್ಟು ಬಿಟ್ಟಿದೀರ? ಜಿನಿಯಾಗೆ ಗಾಳಿ ಆಡ್ಬೇಕು, 9ರಿಂದ 12 ಇಂಚು ಬಿಡಿ. ನೀರು ಮೇಲಿಂದ ಹುಯ್ಯಬೇಡಿ. ಇದು ನೆಲಕ್ಕೆ ಮಾತ್ರ ಅಲ್ಲ, ಅಂತರಿಕ್ಷದಲ್ಲೂ ಹಂಗೇ ಆಯ್ತು. 2015ರ ಕೊನೇಲಿ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನಿಯಾ ಬೆಳೆಸಿದ್ರಲ್ಲ, ತೇವ ಹೆಚ್ಚಾಗಿ ಎಲೆಗೆ ಬೂಸ್ಟು ಹಿಡೀತು. ಆಮೇಲೆ ಫ್ಯಾನ್ ಜೋರು ಮಾಡಿ, ಅಲ್ಲಿದ್ದ ಗಗನಯಾತ್ರಿ ಸ್ಕಾಟ್ ಕೆಲ್ಲಿ ತಾನೇ ಗಿಡ ನೋಡಿ ನೀರು ಹಾಕ್ತೀನಿ ಅಂತ ಕೇಳಿ ಮಾಡಿದ್ರು, 2016ರ ಜನವರೀಲಿ ಹೂ ಬಿಡ್ತು. ಟೈಂಟೇಬಲ್ ನೋಡಿ ನೀರು ಹಾಕಬಾರದು ಅಂತ.

ಟೆರೇಸ್_ತೋಟ:
ಅಯ್ಯೋ ಅದು ಗೊತ್ತು ನಂಗೆ, ಕಿತ್ತಳೆ ಬಣ್ಣದ್ದೇ ಅದೂ. ನಮ್ ಟೆರೇಸ್ ಫೋಟೋ ಹಾಕ್ಲಾ?

ಪಾಲಿಹೌಸ್_ಗೌಡ:
ನಾಸಾದವ್ರು ಕ್ಯಾಲ್ಸಿಯಂ ಕೊಟ್ಟೇ ಬೆಳೆಸಿರ್ತಾರೆ ಬಿಡಿ.

ಮಾಲೂರ್_ಮಣ್ಣು:
ಸ್ವಾಮಿ ನನ್ ಸಮಸ್ಯೆ ಅಂತರಿಕ್ಷಕ್ಕೆ ಹೋಯ್ತಲ್ಲ. ಶುಕ್ರವಾರ ಇನ್ನೊಂದು ಆರ್ಡರ್ ಇದೆ, ಹೂವಿನ ತಲೆ ನಿಂತ್ರೆ ಸಾಕು ನಂಗೆ. ಮತ್ತೆ ಇನ್ನೊಂದು ಕೇಳೋದು ಮರ್ತೆ, ಈ ಸಲ ಕಾಂಡಾನೂ ಗಿಡ್ಡ ಬರ್ತಿದೆ, ಮೊಣಕಾಲು ಎತ್ತರಕ್ಕೇ ಮೊಗ್ಗು ಹಾಕ್ಬಿಡ್ತು. ಬೀಜದವ್ರು ಎತ್ತರದ ತಳಿ ಅಂತ್ಲೇ ಕೊಟ್ಟಿದ್ದು. ಮೋಸಾನಾ?

ಜೆರ್ಸಿ_ಕನ್ನಡಿಗ:
ಬಿತ್ತಿದ್ದು ಯಾವಾಗ? ಕಾರ್ತಿಕ ಕಳೆದ ಮೇಲೆ ಬಿತ್ತಿದ್ರೆ ಬೀಜದವ್ರನ್ನ ಬೈಯಬೇಡಿ. ಜಿನಿಯಾ ಹಗಲು ಚಿಕ್ಕದಾದ್ರೆ ಬೇಗ ಮೊಗ್ಗು ಕಟ್ಟುತ್ತೆ, ಕಾಂಡ ಗಿಡ್ಡ. ನಮ್ಮಲ್ಲಿ ಜೂನ್‌ನಲ್ಲಿ 15 ಗಂಟೆ ಬೆಳಕು, ಅದಕ್ಕೆ ಬೆನರಿ ಜೈಂಟ್ ಅನ್ನೋ ಎತ್ತರದ ತಳಿ ಸೊಂಟದೆತ್ತರ ಬರುತ್ತೆ. ನಿಮ್ ಕಡೆ ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆನೂ ಇರಲ್ಲ. ಕುಡಿ ಚಿವುಟಿದ್ರಾ? ಗಿಡ ಒಂದು ಅಡಿಗೆ ಬರೋಷ್ಟ್ರಲ್ಲಿ, ಕೆಳಗೆ ಮೂರು ನಾಲ್ಕು ಜೊತೆ ಎಲೆ ಬಿಟ್ಟು ಮೇಲಿನ ಕುಡಿ ತೆಗೀಬೇಕು. ಆಗ ಬುಡದಿಂದ ಉದ್ದ ರೆಂಬೆ ಬರುತ್ತೆ. ಮೊದಲನೇ ಹೂವಿನ ಮೇಲೆ ಆಸೆ ಪಟ್ರೆ ಮುಂದಿನ ಹೂವೆಲ್ಲಾ ಗಿಡ್ಡ ಕಾಂಡದ್ದೇ.

ಮಾಲೂರ್_ಮಣ್ಣು:
ಮೊಗ್ಗು ಬಂದಿರೋ ಕುಡೀನ ಯಾರಾದ್ರೂ ಚಿವುಟ್ತಾರಾ ಸಾರ್, ನಮ್ಮಮ್ಮ ಕೈ ಮುರೀತಾರೆ.

ಹೂವಿನಂಗಡಿ:
ಚಿವುಟಿ. ಕೊಯ್ಯೋವಾಗ್ಲೂ ಅಷ್ಟೇ, ಮೇಲ್ಮೇಲೆ ಕೊಯ್ಯಬೇಡಿ, ಪಕ್ಕದ ಮೊಗ್ಗು ಹೋದ್ರೂ ಪರವಾಗಿಲ್ಲ ಅಂತ ಕೆಳಗಿನ ಗಣ್ಣಿನ ಮೇಲಕ್ಕೆ ಆಳವಾಗಿ ಕತ್ತರಿ ಹಾಕಿ. ನಾನ್ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ರಾತ್ರಿ ಎಲ್ಲಿ ಇಡ್ತೀರ?

ಮಾಲೂರ್_ಮಣ್ಣು:
ಕೋಲ್ಡ್ ರೂಮಲ್ಲಿ ಮೇಡಂ, ಇನ್ನೆಲ್ಲಿ. ಗುಲಾಬಿ ಜೊತೆಗೇ. ಒಳ್ಳೇ ಕೋಲ್ಡ್ ರೂಮೇ, 3 ಡಿಗ್ರಿ, ಜನರೇಟರ್ ಬ್ಯಾಕಪ್ ಇದೆ.

ಹೂವಿನಂಗಡಿ:
3 ಡಿಗ್ರಿ!!! ಅದೇ ನೋಡಿ ದಳ ನೀರ್ ನೀರಾಗಿ ಕಪ್ಪಾಗೋದು. ಜಿನಿಯಾ ಬಿಸಿಲು ದೇಶದ ಹೂವು, ಮೆಕ್ಸಿಕೋದ್ದು, ಅಷ್ಟು ಚಳಿ ತಡೆಯಲ್ಲ. ನೆರಳಲ್ಲಿ, ಗಾಳಿ ಆಡೋ ಶೆಡ್ಡಲ್ಲಿ ನೀರಲ್ಲಿ ನಿಲ್ಸಿ ಸಾಕು. ಎಲೆ ಪೂರ್ತಿ ಕಿತ್ತಾಕಿ, ನೀರಲ್ಲಿ ಒಂದು ಎಲೆ ಮುಳುಗಿದ್ರೂ ಮಾರನೇ ದಿನ ನೀರು ಮಜ್ಜಿಗೆ ಬಣ್ಣ, ಮೂಗಿಟ್ರೆ ಗೊತ್ತಾಗುತ್ತೆ. ಬಕೆಟ್‌ನ ಪ್ರತಿ ಸಲ ಬ್ಲೀಚಿಂಗ್ ಹಾಕಿ ಉಜ್ಜಿ ತೊಳೀರಿ, ನೀರಿಗೆ ಕ್ಲೋರಿನ್ ಹಾಕಿ. ಇಷ್ಟು ಮಾಡಿದ್ರೆ ವಾರ ಬರುತ್ತೆ.

ಪಾಲಿಹೌಸ್_ಗೌಡ:
ಕೋಲ್ಡ್ ರೂಮ್ ಯಾವ ಕಂಪನೀದು? ಎಷ್ಟು ಟನ್? ನಮ್ದೂ ಹಾಕಿಸ್ಬೇಕು ಅಂತಿದೀನಿ, ಸಬ್ಸಿಡಿ ಫೈಲ್ ಹಾಕಿದ್ರಾ ಇಲ್ಲ ಸ್ವಂತಾನಾ?

ಟೆರೇಸ್_ತೋಟ:
ನೀರಿಗೆ ಸಕ್ಕರೆ, ಆಸ್ಪಿರಿನ್ ಹಾಕಿ. ನಾನು ಸ್ಪ್ರೈಟ್ ಹಾಕ್ತೀನಿ.

ಹೂವಿನಂಗಡಿ:
ಬರೀ ಸಕ್ಕರೆ ಹಾಕಿದ್ರೆ ಬ್ಯಾಕ್ಟೀರಿಯಾಗೆ ಊಟ ಹಾಕಿದಂಗೆ ಮೇಡಂ, ಹೂವಿಗಲ್ಲ.

ಸಾವಯವ_ಧಾರವಾಡ:
ಕ್ಲೋರಿನ್ ಅಂತೀರಿ, ಬ್ಲೀಚ್ ಅಂತೀರಿ, ಆಮ್ಯಾಲೆ ಆ ನೀರು ಎಲ್ಲಿ ಚೆಲ್ತೀರಿ? ತುಳಸಿ ಕಟ್ಟಿ ಮುಂದನ?

ಅಡ್ಮಿನ್:
ವಿಷಯ ಜಿನಿಯಾ ಕೊಯ್ಲು. ಸಬ್ಸಿಡಿಗೆ ಬೇರೆ ಥ್ರೆಡ್ ಇದೆ, ಸಾವಯವ ಜಗಳಕ್ಕೆ ನಾಲ್ಕು ಥ್ರೆಡ್ ಇದೆ.

ಮಾಲೂರ್_ಮಣ್ಣು:
ಅಪ್ಡೇಟ್. ಶುಕ್ರವಾರದ ಲೋಡ್ ಹೋಯ್ತು, ವಾಪಸ್ ಬಂದಿಲ್ಲ, ಎಲ್ಲೋ ಒಂದೆರಡು ಬಗ್ಗಿತ್ತು ಅಷ್ಟೇ. ಬೋರಾನ್ ಬುಧವಾರಾನೇ ಸ್ಪ್ರೇ ಮಾಡಿದ್ದೆ, ಕ್ಯಾಲ್ಸಿಯಂ ಡ್ರಿಪ್‌ನಲ್ಲಿ ಬಿಟ್ಟೆ, ಅಲ್ಲಾಡಿಸಿ ನೋಡಿ ಗಟ್ಟಿ ಇರೋದೇ ಕೊಯ್ಸಿದೆ, ಆಳುಗಳು ನನ್ನ ನೋಡಿ ನಗ್ತಿದ್ರು. ಕೋಲ್ಡ್ ರೂಮ್ ಕಂಪ್ರೆಸರ್ ಕೆಟ್ಟಿತ್ತು, ಹಂಗಾಗಿ ಶೆಡ್ಡಲ್ಲೇ ಇಟ್ಟಿದ್ದೆ. ಯಾವುದು ಕೆಲಸ ಮಾಡ್ತೋ ದೇವರಿಗೇ ಗೊತ್ತು.

ಪಾಲಿಹೌಸ್_ಗೌಡ:
ನಾನ್ ಹೇಳ್ಲಿಲ್ವಾ. ಬೋರಾನ್.

ಜೆರ್ಸಿ_ಕನ್ನಡಿಗ:
ಗೌಡ್ರೇ, ಬುಧವಾರ ಸ್ಪ್ರೇ ಮಾಡಿದ್ದು ಶುಕ್ರವಾರಕ್ಕೆ ಬೆಳೆದು ನಿಂತಿರೋ ಕಾಂಡನ ಗಟ್ಟಿ ಮಾಡುತ್ತಾ? ಮಾಲೂರಣ್ಣ, ಬೋರಾನ್ ಮತ್ತೆ ಹೊಡೀಬೇಡಿ, ಜಾಸ್ತಿ ಆದ್ರೆ ಎಲೆ ಅಂಚು ಸುಡುತ್ತೆ. ಮುಂದಿನ ಸಲ ಒಂದು ಬಕೆಟ್ ಶೆಡ್ಡಲ್ಲಿ, ಒಂದು ಬಕೆಟ್ ಕೋಲ್ಡ್ ರೂಮಲ್ಲಿ ಇಟ್ಟು ನೋಡಿ, ಒಂದೇ ಸಾಲಿನ ಹೂವು.

ಮಾಲೂರ್_ಮಣ್ಣು:
ಒಂದು ಬಕೆಟ್ ಅಂದ್ರೆ ಎಷ್ಟು ದುಡ್ಡು ಗೊತ್ತಾ ಸಾರ್. ಕಂಪ್ರೆಸರ್ ರಿಪೇರಿ ಆಗ್ಲಿ, ಗುಲಾಬಿಗಾದ್ರೂ ಬೇಕಲ್ಲ, ಆಮೇಲ್ ನೋಡೋಣ. ಗೌಡ್ರೇ ಕ್ಯಾಲ್ಸಿಯಂ ಮತ್ತೆ ಯಾವಾಗ ಬಿಡ್ಲಿ? 19-19-19 ಗೊಬ್ಬರದ ಜೊತೆ ಒಂದೇ ಟ್ಯಾಂಕಲ್ಲಿ ಆಗುತ್ತಾ?

ಪಾಲಿಹೌಸ್_ಗೌಡ:
ಅಯ್ಯೋ ಬೇಡ, ಅದ್ರಲ್ಲಿರೋ ರಂಜಕದ ಜೊತೆ ಕ್ಯಾಲ್ಸಿಯಂ ಸೇರಿದ್ರೆ ಗಸಿ ಕೂತು ಡ್ರಿಪ್ಪರೆಲ್ಲ ಬ್ಲಾಕ್ ಆಗುತ್ತೆ, ದಿನ ಬಿಟ್ಟು ದಿನ ಕೊಡಿ. ನಮ್ದು ಎ ಟ್ಯಾಂಕು ಬಿ ಟ್ಯಾಂಕು ಬೇರೆ ಬೇರೆ, ಫೋಟೋ ಹಾಕ್ತೀನಿ ತಡೀರಿ.

ಸಾಗರದ_ಮಳೆ:
ನನ್ ಬೂದಿ ರೋಗಕ್ಕೆ ಸಲ್ಫರಾ ಮಜ್ಜಿಗೆನಾ, ಯಾವ್ದೋ ಒಂದು ಹೇಳ್ರಪ್ಪ. ಬೇವಿನೆಣ್ಣೆ ನಿನ್ನೆ ತಾನೆ ಹೊಡ್ದಿದೀನಿ.

ಸಾವಯವ_ಧಾರವಾಡ:
ಮಜ್ಜಿಗಿ. ಆದ್ರ ಮೊದಲ ಪುಡಿ ಹತ್ತಿದ ಎಲಿ ಕಿತ್ತು ಸುಟ್ಟುಬಿಡ್ರಿ, ತಿಪ್ಪಿಗೆ ಒಗೀಬ್ಯಾಡ್ರಿ.

ಟೆರೇಸ್_ತೋಟ:
ಆನ್‌ಲೈನಲ್ಲಿ ನೀಲಿ ಜಿನಿಯಾ ಬೀಜ ಬಂದಿದೆ, ಫೋಟೋ ಅಂತೂ ಆಕಾಶದ ಬಣ್ಣ. ಯಾರಾದ್ರೂ ಹಾಕಿದೀರಾ? ಎರಡು ಪ್ಯಾಕೆಟ್ ಆರ್ಡರ್ ಮಾಡ್ಬಿಟ್ಟೆ.

ಹೂವಿನಂಗಡಿ:
ಜಿನಿಯಾದಲ್ಲಿ ನೀಲಿ ಬಣ್ಣಾನೇ ಇಲ್ಲ ಮೇಡಂ. ಕ್ಯಾನ್ಸಲ್ ಮಾಡಿ.

ಟೆರೇಸ್_ತೋಟ:
ಡಿಸ್ಪ್ಯಾಚ್ ಆಗೋಗಿದೆ.