ಸ್ಕೋರ್ ಮಧ್ಯದಲ್ಲಿ ಎರಡು ಸ್ಟಾಫ್‌ನಿಂದ ನಾಲ್ಕಕ್ಕೆ: ಖಾಲಿ ಸ್ಟಾಫ್ ಹೋಗ್ತಾನೇ ಇಲ್ಲ

ಎರಡನೇ_ಆಲ್ಟೊ: ಮ್ಯೂಸ್‌ಸ್ಕೋರ್‌ನಲ್ಲಿ (ಸ್ವರಲಿಪಿ ಬರೆಯೋ ಸಾಫ್ಟ್‌ವೇರ್) ಕಾಯರ್ ಸ್ಕೋರ್ ಬರೀತಿದ್ದೀನಿ. ಮೊದಲರ್ಧ ಎರಡೇ ಸ್ಟಾಫ್ (ಸ್ವರ ಬರೆಯೋ ಐದು ಗೆರೆಗಳ ಗುಂಪು): ಮೇಲೆ ಸೊಪ್ರಾನೊ-ಆಲ್ಟೊ (ಹೆಣ್ಣು ದನಿಗಳು), ಕೆಳಗೆ ಟೆನರ್-ಬಾಸ್ (ಗಂಡು ದನಿಗಳು). 33ನೇ ಬಾರ್‌ನಿಂದ (ಬಾರ್ ಅಂದ್ರೆ ತಾಳದ ಒಂದು ಖಾನೆ) ಪ್ರತಿ ದನಿಯೂ ಎರಡಾಗುತ್ತೆ, ಅಲ್ಲಿಗೆ ನಾಲ್ಕು ಸ್ಟಾಫ್ ಬೇಕು. ಸ್ಟಾಫ್ ಸೇರಿಸಿದ್ರೆ ಮೊದಲ ಪುಟದಿಂದಲೇ ಖಾಲಿ ಗೆರೆ. ಅಡಗಿಸೋ ಆಯ್ಕೆ ಹಾಕಿದ್ರೂ ಪೂರ್ತಿ ಹೋಗಲ್ಲ. ಅಭ್ಯಾಸಕ್ಕೆ ಎಲ್ಲರಿಗೂ ಪ್ರತಿ ಕೊಡಬೇಕು, ತಲೆ ಕೆಟ್ಟು ಹೋಗಿದೆ. ಯಾರಾದ್ರೂ ದಾರಿ ಹೇಳಿ.

ಗೆರೆಗಾರ: ವಾಯ್ಸ್ 2ರ (ಒಂದೇ ಸ್ಟಾಫ್‌ನಲ್ಲಿ ಎರಡನೇ ದನಿ ಬರೆಯೋ ಪದರ) ರೆಸ್ಟ್‌ಗಳು (ಮೌನದ ಗುರುತುಗಳು) ಉಳಿದಿರ್ತವೆ, ಅದೇ ಕಾರಣ. ಒಂದೊಂದಾಗಿ ಆರಿಸಿ ಅಳಿಸಿ.

ಎರಡನೇ_ಆಲ್ಟೊ: ಅಳಿಸಿದೆ. ಏನೂ ಬದಲಾಗಲಿಲ್ಲ.

ಗೆರೆಗಾರ: ಮತ್ತೆ ನೋಡಿ. ಅದೃಶ್ಯ ಮಾಡಿದ ರೆಸ್ಟ್‌ಗಳು ಪ್ರಿಂಟಲ್ಲಿ ಕಾಣಲ್ಲ, ಫೈಲಲ್ಲಿ ಇರ್ತವೆ. ವಾಯ್ಸ್ 3, 4 ಕೂಡ ನೋಡಿ.

ಲಿಲಿಪಾಂಡ್_ಪ್ರಿಯ: ಲಿಲಿಪಾಂಡ್‌ಗೆ (ಕೋಡ್ ಬರೆದು ಸ್ಕೋರ್ ಮಾಡೋ ಸಾಫ್ಟ್‌ವೇರ್) ಬನ್ನಿ ಸರ್. ಎಲ್ಲಾ ಟೆಕ್ಸ್ಟ್ ಫೈಲ್, ಖಾಲಿ ಸ್ಟಾಫ್ ತೆಗೆಯೋಕೆ ಒಂದು ಸಾಲು ಸಾಕು. ನಂದು ಎರಡು ಮಾನಿಟರ್, ಎಡಗಡೆ ಕೋಡ್, ಬಲಗಡೆ ಪಿಡಿಎಫ್. ಮೌಸ್ ಮುಟ್ಟೋದೇ ಇಲ್ಲ.

ಎರಡನೇ_ಆಲ್ಟೊ: ಈಗ ಹೊಸದು ಕಲಿಯೋಕೆ ಸಮಯ ಇಲ್ಲ ಸರ್. ನಂದು ಮ್ಯೂಸ್‌ಸ್ಕೋರ್ 4.

ಕೆಳದನಿ: ಟೆನರ್‌ಗೆ ಬೇರೆ ಸ್ಟಾಫ್ ಕೊಡುವಾಗ ಕೆಳಗೆ 8 ಇರೋ ಟ್ರೆಬಲ್ ಕ್ಲೆಫ್ ಹಾಕಿ (ಕ್ಲೆಫ್ ಅಂದ್ರೆ ಸ್ಟಾಫ್ ಶುರುವಲ್ಲಿ ಯಾವ ಗೆರೆ ಯಾವ ಸ್ವರ ಅಂತ ಹೇಳೋ ಗುರುತು). ಬರೀ ಟ್ರೆಬಲ್ ಹಾಕಿ ಬರೆದ್ರೆ ಪ್ಲೇಬ್ಯಾಕ್ ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಕೇಳುತ್ತೆ.

ಗೆರೆಗಾರ: ಬಾಸ್ ಕ್ಲೆಫ್‌ನಲ್ಲೇ ಬಿಡಿ. 32 ಬಾರ್ ಬಾಸ್ ಕ್ಲೆಫ್ ಓದಿದ ಟೆನರ್ ದಿಢೀರ್ ಅಂತ ಯಾಕೆ ಬದಲಿಸಬೇಕು?

ಕೆಳದನಿ: ನಾಲ್ಕು ಸ್ಟಾಫ್ ಸ್ಕೋರ್‌ನಲ್ಲಿ ಟೆನರ್‌ಗೆ ಅದೇ ರೂಢಿ. ಮೇಲಿನ ಸ್ವರ ಬಂದಾಗ ಬಾಸ್ ಕ್ಲೆಫ್‌ನಲ್ಲಿ ಲೆಡ್ಜರ್ ಗೆರೆ (ಸ್ಟಾಫ್ ಹೊರಗಿನ ಪುಟ್ಟ ಗೆರೆ) ಎಣಿಸ್ತಾ ಕೂರಬೇಕು.

ಗೆರೆಗಾರ: ನಾನು ಹಾಡೋನೂ ಹೌದು. ನನಗೆ ತೊಂದರೆ ಆಗಿಲ್ಲ.

ಪುಟವಿನ್ಯಾಸ: ಕ್ಲೆಫ್ ಆಮೇಲೆ ನೋಡೋಣ. 33ನೇ ಬಾರ್ ಸಿಸ್ಟಮ್‌ನ (ಒಟ್ಟಿಗೆ ಹಾಡೋ ಸ್ಟಾಫ್‌ಗಳ ಒಂದು ಸಾಲು) ಶುರುವಲ್ಲಿದೆಯಾ, ಮಧ್ಯದಲ್ಲಾ?

ಎರಡನೇ_ಆಲ್ಟೊ: ಮಧ್ಯದಲ್ಲಿ. ಸೊಪ್ರಾನೊಗೆ 32ರಿಂದ 33ಕ್ಕೆ ಟೈ (ಒಂದೇ ಸ್ವರ ಮುಂದುವರಿಸೋ ಕಮಾನು) ಕೂಡ ಇದೆ. ಹೊಸ ಸ್ಟಾಫ್‌ಗೆ ಹೋದ್ರೆ ಅದು ತುಂಡಾಗುತ್ತೆ.

ಪುಟವಿನ್ಯಾಸ: ರೆಸ್ಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಸ್ಟಾಫ್ ಅಡಗೋದು ಇಡೀ ಸಿಸ್ಟಮ್‌ಗೆ. ಆ ಸಾಲಲ್ಲಿ ಒಂದೇ ಒಂದು ನೋಟ್ ಇದ್ರೂ ಸ್ಟಾಫ್ ಸಾಲಿನ ಮೊದಲಿಂದಲೇ ಕಾಣುತ್ತೆ. 32ನೇ ಬಾರ್ ಆರಿಸಿ ಎಂಟರ್ ಒತ್ತಿ, ಸಿಸ್ಟಮ್ ಬ್ರೇಕ್ ಬೀಳುತ್ತೆ, 33 ಹೊಸ ಸಾಲಿಗೆ ಹೋಗುತ್ತೆ. ಮೊದಲ ಪುಟದ ಗೆರೆಗಳಿಗೆ ಕಾರಣ ಬೇರೆ: ಮೊದಲ ಸಿಸ್ಟಮ್‌ನಲ್ಲಿ ಅಡಗಿಸಬೇಡ ಅನ್ನೋ ಟಿಕ್ ಸ್ಟೈಲ್‌ನಲ್ಲಿದೆ, ಅದನ್ನ ತೆಗೀರಿ.

ಟೈಗೆ: ಸೊಪ್ರಾನೊನ ಕದಲಿಸಲೇಬೇಡಿ. ಮೇಲಿನ ಸ್ಟಾಫ್ 33ರಿಂದ ಬರೀ ಸೊಪ್ರಾನೊ, ಕೆಳಗಿನದು ಬರೀ ಬಾಸ್. ಹೊಸದಾಗಿ ಸೇರಿಸೋದು ಮಧ್ಯದ ಎರಡು ಮಾತ್ರ, ಆಲ್ಟೊ ಮತ್ತು ಟೆನರ್. ಆಲ್ಟೊನ ವಾಯ್ಸ್ 2ರಲ್ಲೇ ಬರೆದಿದ್ರೆ ಸೆಲೆಕ್ಷನ್ ಫಿಲ್ಟರ್‌ನಲ್ಲಿ ವಾಯ್ಸ್ 2 ಮತ್ತು ಲಿರಿಕ್ಸ್ ಬಿಟ್ಟು ಉಳಿದ ಟಿಕ್ ತೆಗೆದು ಕಟ್ ಮಾಡಿ, ಹೊಸ ಸ್ಟಾಫ್‌ಗೆ ಪೇಸ್ಟ್ ಮಾಡಿ. ಅಲ್ಲೂ ವಾಯ್ಸ್ 2 ಆಗಿಯೇ ಬೀಳುತ್ತೆ, ಟೂಲ್ಸ್‌ನಲ್ಲಿ 1-2 ಅದಲುಬದಲು ಮಾಡಿ. ಕಾಯರ್‌ನವರು ಪೂರ್ತಿ ಸ್ಕೋರ್ ನೋಡಿಯೇ ಹಾಡ್ತಾರೆ, ಆಲ್ಟೊದವರ ಕಣ್ಣು ಕೆಳಗಿನ ಸ್ಟಾಫ್‌ಗೆ ಇಳಿಬೇಕು. 33ರ ಮೇಲೆ ದನಿಯ ಹೆಸರು ದಪ್ಪಕ್ಷರದಲ್ಲಿ ಹಾಕೋದು ಮರೀಬೇಡಿ.

ಎರಡನೇ_ಆಲ್ಟೊ: ಆಯ್ತು ಸರ್! ಖಾಲಿ ಗೆರೆ ಪೂರ್ತಿ ಹೋಯ್ತು, ಟೈ ಕೂಡ ಉಳೀತು. ತುಂಬಾ ಥ್ಯಾಂಕ್ಸ್. ಆದ್ರೆ ಬ್ರೇಕ್ ಹಾಕಿದ್ಮೇಲೆ 31-32 ಎರಡೇ ಬಾರ್ ಇಡೀ ಸಾಲಿಗೆ ಎಳೆದುಕೊಂಡಿವೆ.

ಪುಟವಿನ್ಯಾಸ: ಹಿಂದಿನ ಸಾಲುಗಳಲ್ಲೂ ಬ್ರೇಕ್ ಹಾಕಿ ಬಾರ್ ಹಂಚಿ. 29ರಿಂದ 32 ಒಂದೇ ಸಾಲಿಗೆ ಬರಲಿ.

ಲಿಲಿಪಾಂಡ್_ಪ್ರಿಯ: ನನ್ನ ಎಂಟು ದನಿ ಸ್ಕೋರ್‌ನ ಪಿಡಿಎಫ್ ಹಾಕ್ತೀನಿ, ಅಂತರ ನೋಡಿ.

ಕೆಳದನಿ: ಹಾಕಿ. ಟೆನರ್ ಕ್ಲೆಫ್ ಯಾವುದು ಇಟ್ಟಿದ್ದೀರಿ?