ಬೇವು-ಲೋಳೆಸರದ ಮುಲಾಮಿಗೆ 12 ದಿನಕ್ಕೇ ಬೂಸ್ಟು! ಉಳಿಸಬಹುದಾ?

ಹಿತ್ತಿಲಗಿಡ:
ಅಮ್ಮನ ಹಿಮ್ಮಡಿ ಒಡೆದಿದೆ ಅಂತ ಮನೆಯಲ್ಲೇ ಮುಲಾಮು ಮಾಡಿದೆ. ಒಂದು ಹಿಡಿ ಹಸಿ ಬೇವಿನ ಸೊಪ್ಪು, ಒಂದು ಎಲೆ ಲೋಳೆಸರದ ತಿರುಳು, ಎರಡನ್ನೂ ಮಿಕ್ಸಿಗೆ ಹಾಕಿ 200 ಗ್ರಾಂ ಕೊಬ್ಬರಿ ಎಣ್ಣೆಯಲ್ಲಿ ಹತ್ತು ನಿಮಿಷ ಕಾಯಿಸಿದೆ. ಸೋಸಿ, 40 ಗ್ರಾಂ ಜೇನುಮೇಣ ಕರಗಿಸಿ ಸೇರಿಸಿದೆ. ಒಂದು ವಾರ ಚೆನ್ನಾಗಿತ್ತು. ಈಗ ಮೇಲೆ ಕಪ್ಪು ಚುಕ್ಕೆ, ಹುಳಿ ವಾಸನೆ, ತಳದಲ್ಲಿ ನೀರು. ಮೇಲಿನ ಪದರ ಕೆರೆದು ಮತ್ತೆ ಕಾಯಿಸಿದರೆ ಆಗುತ್ತಾ? ಮೇಣಕ್ಕೆ ದುಡ್ಡು ಜಾಸ್ತಿ ಕೊಟ್ಟಿದ್ದೇನೆ, ಎಸೆಯೋಕೆ ಮನಸ್ಸಿಲ್ಲ.

ಎಣ್ಣೆಬಾಣಲೆ:
ಎಸೆದುಬಿಡಿ. ಬೂಸ್ಟು ಕಣ್ಣಿಗೆ ಕಾಣುವುದು ಮೇಲೆ ಮಾತ್ರ, ಒಳಗೂ ಇಳಿದಿರುತ್ತದೆ. ಕಾಯಿಸಿದರೂ ಅದು ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ. ಹಚ್ಚುವುದು ಬಿರುಕು ಬಿಟ್ಟ ಚರ್ಮಕ್ಕೆ ಬೇರೆ.

ತಪ್ಪು ಆಗಿದ್ದು ನೀರಿನಿಂದ. ಬರೀ ಎಣ್ಣೆ, ಮೇಣಕ್ಕೆ ಬೂಸ್ಟು ಹಿಡಿಯುವುದಿಲ್ಲ, ಹೆಚ್ಚೆಂದರೆ ತಿಂಗಳುಗಳ ಮೇಲೆ ಕಮಟು ವಾಸನೆ ಬರುತ್ತದೆ. ಆದರೆ ಲೋಳೆಸರದ ತಿರುಳು ಹೆಚ್ಚುಕಮ್ಮಿ ಪೂರ್ತಿ ನೀರೇ. ಹಸಿ ಬೇವಿನಲ್ಲೂ ನೀರಿದೆ. ಹತ್ತು ನಿಮಿಷಕ್ಕೆ ಅದು ಆರಲ್ಲ. ಅಂಗಡಿಯ ಕ್ರೀಮಿಗೆ ಕೆಡದಂತೆ ಮದ್ದು ಹಾಕಿರುತ್ತಾರೆ, ನಮ್ಮದಕ್ಕೆ ಏನೂ ಇಲ್ಲ. ಹಾಗಾಗಿ ಲೋಳೆಸರವನ್ನು ಮುಲಾಮಿಗೆ ಸೇರಿಸಲೇಬೇಡಿ. ಬೇಕೆನಿಸಿದಾಗ ಗಿಡದಿಂದ ಕಿತ್ತು, ಹಳದಿ ರಸ ಸೋರಿಸಿ, ತಿರುಳು ಮಾತ್ರ ಹಚ್ಚಿ.

ಬೇವನ್ನು ನೆರಳಲ್ಲಿ ಒಣಗಿಸಿ. ಎಲೆ ಹಿಡಿದರೆ ಪುಡಿಪುಡಿ ಆಗಬೇಕು. ಆಮೇಲೆ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ನಮ್ಮಜ್ಜಿ ಹಸಿ ಸೊಪ್ಪಿನಲ್ಲೇ ತೈಲ ಮಾಡುತ್ತಿದ್ದರು, ಆದರೆ ಗಂಟೆಗಟ್ಟಲೆ ಒಲೆ ಮುಂದೆ ಕೂರುತ್ತಿದ್ದರು. ತಳದ ಚರಟವನ್ನು ಬೆರಳಲ್ಲಿ ಹೊಸೆದರೆ ಬತ್ತಿ ಆಗಬೇಕು. ಹತ್ತಿ ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚಿದರೆ ಚಟಪಟ ಅನ್ನಬಾರದು. ಚಟಪಟ ಅಂದರೆ ಇನ್ನೂ ನೀರಿದೆ ಅಂತ ಲೆಕ್ಕ. (ಬತ್ತಿ ಹಚ್ಚುವುದು ಬಾಣಲೆಯಿಂದ ದೂರ, ದಯವಿಟ್ಟು.)

ಡಬ್ಬಿಯನ್ನೂ ಕುದಿಸಿ ಪೂರ್ತಿ ಒಣಗಿಸಿ. ತೆಗೆಯುವಾಗ ಒದ್ದೆ ಬೆರಳು ಹಾಕಬೇಡಿ. ಮಾಡಿದ ತಾರೀಖು ಬರೆದಿಡಿ.

ಒಂದು ಮಾತು ಕೇಳುತ್ತೇನೆ: ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಮುಲಾಮು ಬದಿಗಿಟ್ಟು ಮೊದಲು ಡಾಕ್ಟರಿಗೆ ಪಾದ ತೋರಿಸಿ. ಅವರಿಗೆ ಗಾಯ ಆದರೂ ನೋವು ಗೊತ್ತಾಗದೇ ಇರಬಹುದು.

ಸಂತೆಚೀಲ:
ನಾನು ಮುಲಾಮಿಗೆ ಪಚ್ಚ ಕರ್ಪೂರ ಹಾಕುತ್ತೇನೆ, ಘಮ ಚೆನ್ನಾಗಿರುತ್ತದೆ. ನೆಗಡಿ ಬಂದರೆ ಒಂದು ವರ್ಷದ ಮಗನ ಎದೆಗೂ ಹಚ್ಚುತ್ತೇನೆ. ಸುಟ್ಟ ಗಾಯಕ್ಕೂ ಆಗುತ್ತಾ?

ಎಣ್ಣೆಬಾಣಲೆ:
ಇವತ್ತೇ ನಿಲ್ಲಿಸಿ ಅಕ್ಕ. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಬೇಡವೇ ಬೇಡ. ಮೈಗೆ ಹತ್ತಿ ಫಿಟ್ಸ್ ಬಂದ ಉದಾಹರಣೆಗಳಿವೆ. ಡಬ್ಬಿಯನ್ನೂ ಕೈಗೆ ಸಿಗದಂತೆ ಇಡಿ, ಬಾಯಿಗೆ ಹಾಕಿಕೊಂಡರೆ ಇನ್ನೂ ಅಪಾಯ. ಸುಟ್ಟ ಗಾಯಕ್ಕೆ ಯಾವ ಎಣ್ಣೆ, ಮುಲಾಮೂ ಬೇಡ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ, ಮಗುವಾದರೆ ಆಸ್ಪತ್ರೆಗೆ ಹೋಗಿ.

ಹಿತ್ತಿಲಗಿಡ:
ಅಮ್ಮನಿಗೆ ಸಕ್ಕರೆ ಇಲ್ಲ, ಪರೀಕ್ಷೆ ಮಾಡಿಸಿದ್ದೇವೆ. ಒಣ ಬೇವಿನಲ್ಲಿ ಎರಡನೇ ಸಲ ಮಾಡಿದೆ. ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟು ನೋಡಿದೆವು, ತುರಿಕೆ ಬರಲಿಲ್ಲ. ಮೂರು ವಾರ ಆಯ್ತು, ವಾಸನೆ ಇಲ್ಲ. ಆದರೆ ಕಲ್ಲಿನಂತಿದೆ, ಬೆರಳಲ್ಲಿ ಎತ್ತೋಕೆ ಆಗುತ್ತಿಲ್ಲ! ಈ ಸಲ 100 ಗ್ರಾಂಗೆ 35 ಗ್ರಾಂ ಮೇಣ ಹಾಕಿದ್ದೆ.

ಎಣ್ಣೆಬಾಣಲೆ:
ಮೇಣ ಜಾಸ್ತಿಯಾಯ್ತು, 20 ಗ್ರಾಂ ಸಾಕಿತ್ತು. ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಎಣ್ಣೆ ಸ್ವಲ್ಪ ಸ್ವಲ್ಪವೇ ಸೇರಿಸಿ. ನೀರು ಒಳಗೆ ಹಾರಬಾರದು. ಒಂದು ಹನಿಯನ್ನು ತಣ್ಣನೆ ಸ್ಟೀಲ್ ಚಮಚದ ಮೇಲೆ ಬಿಟ್ಟು ನೋಡಿ, ಬೆರಳಿಗೆ ಬೆಣ್ಣೆಯಂತೆ ಬಂದರೆ ಅಲ್ಲಿಗೆ ನಿಲ್ಲಿಸಿ.